ಒಲಿಂಪಿಕ್ ಸ್ವಯಂಸೇವಕರು

ಒಲಿಂಪಿಕ್ ಸ್ವಯಂಸೇವಕರು ಎಂದರೆ ಒಲಿಂಪಿಕ್ ಮತ್ತು ಪ್ಯಾರಾಲಿಂಪಿಕ್ ಕ್ರೀಡಾಕೂಟಗಳ ಸಂಘಟನೆಯಲ್ಲಿ ವೇತನ ಪಡೆಯದೆ, ಸ್ವಂತ ಇಚ್ಛೆಯಿಂದ, ಗೊತ್ತುಪಡಿಸಿದ ಅವಧಿಗೆ ಸೇವೆ ಸಲ್ಲಿಸುವ ವ್ಯಕ್ತಿಗಳು. ಕ್ರೀಡಾಪಟುಗಳನ್ನು ವಿಮಾನ ನಿಲ್ದಾಣದಲ್ಲಿ ಬರಮಾಡಿಕೊಳ್ಳುವುದು, ವಾಹನ ನಡೆಸುವುದು, ಭಾಷಾಂತರ, ಪ್ರೇಕ್ಷಕರಿಗೆ ದಾರಿ ತೋರಿಸುವುದು, ಸ್ಪರ್ಧೆಯ ಸಲಕರಣೆಗಳನ್ನು ಜೋಡಿಸುವುದು, ಪದಕ ಪ್ರದಾನ ಸಮಾರಂಭಕ್ಕೆ ನೆರವಾಗುವುದು ಮುಂತಾದ ನೂರಾರು ಕೆಲಸಗಳನ್ನು ಇವರು ನಿರ್ವಹಿಸುತ್ತಾರೆ. ಇವುಗಳಲ್ಲಿ ಬಹುಪಾಲು ದೂರದರ್ಶನದ ವೀಕ್ಷಕರ ಕಣ್ಣಿಗೆ ಬೀಳುವುದಿಲ್ಲ. ಎಲೆಮರೆಯ ಕಾಯಿಯಂತಿರುವ ಈ ಸಮೂಹವಿಲ್ಲದೆ ಇಂದಿನ ಗಾತ್ರದ ಕ್ರೀಡಾಕೂಟವನ್ನು ನಡೆಸುವುದು ಸಾಧ್ಯವಿಲ್ಲ ಎಂಬುದು ಸಂಘಟಕರೂ ಒಪ್ಪಿಕೊಳ್ಳುವ ಮಾತು. ಅದೇ ಕಾರಣಕ್ಕೆ, ಅಪಾರ ಹಣ ಹರಿಯುವ ಕ್ರೀಡಾಕೂಟವೊಂದು ಬಿಟ್ಟಿ ದುಡಿಮೆಯನ್ನು ಅವಲಂಬಿಸುವುದು ನ್ಯಾಯವೇ ಎಂಬ ಪ್ರಶ್ನೆಯೂ ಈ ವ್ಯವಸ್ಥೆಯ ಜೊತೆಗೇ ಬೆಳೆದುಬಂದಿದೆ.

ಪರಿಕಲ್ಪನೆ

ಒಲಿಂಪಿಕ್ ಕ್ರೀಡಾಕೂಟದ ಕೆಲಸಗಾರರನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಸಂಘಟನಾ ಸಮಿತಿಯ ವೇತನ ಪಡೆಯುವ ಸಿಬ್ಬಂದಿ. ಎರಡನೆಯದು ಅಡುಗೆ, ಸ್ವಚ್ಛತೆ, ಭದ್ರತೆ, ಸಾರಿಗೆ ಮೊದಲಾದ ಸೇವೆಗಳನ್ನು ಒದಗಿಸುವ ಗುತ್ತಿಗೆ ಸಂಸ್ಥೆಗಳ ನೌಕರರು. ಮೂರನೆಯದು ಸ್ವಯಂಸೇವಕರು. 2012ರ ಲಂಡನ್ ಕ್ರೀಡಾಕೂಟದಲ್ಲಿ ವೇತನ ಪಡೆಯುವ ಸಿಬ್ಬಂದಿ ಸುಮಾರು 6,000, ಸ್ವಯಂಸೇವಕರು ಸುಮಾರು 70,000 ಹಾಗೂ ಗುತ್ತಿಗೆ ಸಂಸ್ಥೆಗಳ ಕೆಲಸಗಾರರು ಸುಮಾರು ಒಂದು ಲಕ್ಷ ಇದ್ದರು. ಈ ಅಂಕಿಗಳನ್ನು ಗಮನಿಸಿದರೆ ಸ್ವಯಂಸೇವಕರ ಪಾತ್ರ ಎಷ್ಟು ದೊಡ್ಡದೆಂಬುದು ಸ್ಪಷ್ಟವಾಗುತ್ತದೆ.

ಸ್ವಯಂಸೇವಕರಲ್ಲಿಯೂ ಎರಡು ಬಗೆಯವರಿದ್ದಾರೆ. ಕ್ರೀಡಾಂಗಣ, ಕ್ರೀಡಾಗ್ರಾಮ ಮುಂತಾದ ಅಧಿಕೃತ ಸ್ಥಳಗಳಲ್ಲಿ ಕೆಲಸ ಮಾಡುವವರನ್ನು ಸಂಘಟನಾ ಸಮಿತಿಯೇ ಆರಿಸುತ್ತದೆ. ರೈಲು ನಿಲ್ದಾಣ, ಪ್ರವಾಸಿ ತಾಣ, ಮುಖ್ಯ ಬೀದಿಗಳಲ್ಲಿ ನಿಂತು ಅತಿಥಿಗಳಿಗೆ ಮಾಹಿತಿ ನೀಡುವವರನ್ನು ಸಾಮಾನ್ಯವಾಗಿ ಆತಿಥೇಯ ನಗರದ ಆಡಳಿತ ನೇಮಿಸುತ್ತದೆ. ಲಂಡನ್ನಿನಲ್ಲಿ ಮೊದಲ ಬಗೆಯವರನ್ನು ‘ಗೇಮ್ಸ್ ಮೇಕರ್ಸ್’ ಎಂದು ಕರೆಯಲಾಯಿತು. ಟೋಕಿಯೊದಲ್ಲಿ ಮೊದಲ ಬಗೆಯವರಿಗೆ ‘ಫೀಲ್ಡ್ ಕಾಸ್ಟ್’ ಎಂದೂ ಎರಡನೆಯವರಿಗೆ ‘ಸಿಟಿ ಕಾಸ್ಟ್’ ಎಂದೂ ಹೆಸರಿಡಲಾಗಿತ್ತು.

ಇತಿಹಾಸ

ಆರಂಭಿಕ ಕಾಲ

1896ರಲ್ಲಿ ಅಥೆನ್ಸ್‌ನಲ್ಲಿ ಆಧುನಿಕ ಒಲಿಂಪಿಕ್ಸ್ ಆರಂಭವಾದಾಗ ಸ್ವಯಂಸೇವಕ ಎಂಬ ಪ್ರತ್ಯೇಕ ವರ್ಗವೇ ಇರಲಿಲ್ಲ. ಆಟಗಾರರು ಹವ್ಯಾಸಿಗಳಾಗಿದ್ದಂತೆ ಸಂಘಟಕರೂ ಹವ್ಯಾಸಿಗಳೇ ಆಗಿದ್ದರು. 1912ರ ಸ್ಟಾಕ್‌ಹೋಮ್ ಕ್ರೀಡಾಕೂಟದಲ್ಲಿ ಸ್ಕೌಟ್ ಬಾಲಕರನ್ನು ಸಂದೇಶ ಒಯ್ಯುವುದು, ಶಿಸ್ತು ಕಾಪಾಡುವುದು ಮುಂತಾದ ಕೆಲಸಗಳಿಗೆ ಬಳಸಿಕೊಳ್ಳಲಾಯಿತು. ಮುಂದಿನ ಹಲವು ದಶಕಗಳ ಕಾಲ ಸ್ಕೌಟ್‌ಗಳು, ಸೈನಿಕರು ಮತ್ತು ಕ್ರೀಡಾಸಂಘಗಳ ಸದಸ್ಯರೇ ಈ ಹೊಣೆಯನ್ನು ಹೊತ್ತರು.

ಎರಡನೆಯ ಮಹಾಯುದ್ಧದ ನಂತರ 1948ರಲ್ಲಿ ಲಂಡನ್ನಿನಲ್ಲಿ ನಡೆದ ಕ್ರೀಡಾಕೂಟ ‘ಮಿತವ್ಯಯದ ಕ್ರೀಡಾಕೂಟ’ ಎಂದೇ ಹೆಸರಾಗಿದೆ. ಬ್ರಿಟನ್ನಿನಲ್ಲಿ ಆಗ ಆಹಾರ ಪಡಿತರ ಜಾರಿಯಲ್ಲಿತ್ತು. ಹೊಸ ಕ್ರೀಡಾಗ್ರಾಮ ಕಟ್ಟುವ ಶಕ್ತಿ ಇಲ್ಲದ ಕಾರಣ ಆಟಗಾರರನ್ನು ಸೇನಾ ಶಿಬಿರಗಳಲ್ಲಿಯೂ ಕಾಲೇಜುಗಳಲ್ಲಿಯೂ ಇರಿಸಲಾಯಿತು. ಇಂತಹ ಸ್ಥಿತಿಯಲ್ಲಿ ನಾಗರಿಕರ ನೆರವು ಅನಿವಾರ್ಯವಾಗಿತ್ತು. 1952ರ ಹೆಲ್ಸಿಂಕಿ ಕ್ರೀಡಾಕೂಟದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ದುಡಿದರು.

ಸಂಘಟಿತ ವ್ಯವಸ್ಥೆಯ ಉದಯ

ಮೊದಲೇ ಯೋಜಿಸಿ, ಅರ್ಜಿ ಕರೆದು, ತರಬೇತಿ ನೀಡಿ ಸ್ವಯಂಸೇವಕರನ್ನು ನಿಯೋಜಿಸುವ ಪದ್ಧತಿ 1980ರ ಲೇಕ್ ಪ್ಲಾಸಿಡ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ರೂಪುಗೊಂಡಿತು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಈ ಊರಿನ ಜನಸಂಖ್ಯೆ ಅಂದು ಸುಮಾರು ಮೂರು ಸಾವಿರದಷ್ಟು ಮಾತ್ರ. ಸ್ವಯಂಸೇವಕರ ಸಂಖ್ಯೆ ಅದರ ಎರಡರಷ್ಟಕ್ಕಿಂತ ಹೆಚ್ಚು, ಅಂದರೆ 6,700ರಷ್ಟಿತ್ತು. ಇಷ್ಟಾದರೂ ಬಸ್ಸು ಸಾರಿಗೆ ಕುಸಿದುಬಿದ್ದು, ಪ್ರೇಕ್ಷಕರು ಕೊರೆಯುವ ಚಳಿಯಲ್ಲಿ ಗಂಟೆಗಟ್ಟಲೆ ಕಾಯಬೇಕಾಯಿತು. ಜನಬಲವೊಂದೇ ಸಾಲದು, ಅದನ್ನು ನಡೆಸುವ ಯೋಜನೆಯೂ ಬೇಕು ಎಂಬ ಪಾಠವನ್ನು ಮುಂದಿನ ಸಂಘಟಕರು ಇದರಿಂದ ಕಲಿತರು.

1976ರ ಕ್ರೀಡಾಕೂಟ ನಡೆಸಿದ ಮಾಂಟ್ರಿಯಲ್ ನಗರ ತನ್ನ ಸಾಲವನ್ನು ತೀರಿಸಲು ಮೂವತ್ತು ವರ್ಷ ಹೆಣಗಿತು. ಆ ಅನುಭವದಿಂದ ಎಚ್ಚೆತ್ತ ಲಾಸ್ ಏಂಜಲೀಸ್, 1984ರ ಕ್ರೀಡಾಕೂಟವನ್ನು ಪೀಟರ್ ಯೂಬೆರಾತ್ ಅವರ ನೇತೃತ್ವದಲ್ಲಿ ಖಾಸಗಿ ಹಣದಿಂದಲೇ ನಡೆಸಲು ನಿರ್ಧರಿಸಿತು. ಹೊಸ ಕ್ರೀಡಾಂಗಣಗಳನ್ನು ಆದಷ್ಟು ಕಡಿಮೆ ಕಟ್ಟಿ, ಸುಮಾರು 29,000 ಸ್ವಯಂಸೇವಕರನ್ನು ಬಳಸಿಕೊಂಡ ಈ ಕ್ರೀಡಾಕೂಟ 20 ಕೋಟಿ ಡಾಲರಿಗೂ ಹೆಚ್ಚು ಉಳಿತಾಯ ಮಾಡಿತು. ಇಲ್ಲಿಂದ ಮುಂದೆ ಸ್ವಯಂಸೇವೆ ಒಲಿಂಪಿಕ್ಸ್‌ನ ಆರ್ಥಿಕ ಲೆಕ್ಕಾಚಾರದ ಅವಿಭಾಜ್ಯ ಅಂಗವಾಯಿತು.

1992ರ ಬಾರ್ಸಿಲೋನಾ ಕ್ರೀಡಾಕೂಟ ಈ ವ್ಯವಸ್ಥೆಗೆ ಇನ್ನೊಂದು ಆಯಾಮ ನೀಡಿತು. ಆತಿಥ್ಯದ ಹಕ್ಕು ಇನ್ನೂ ದೊರೆಯದಿದ್ದಾಗಲೇ ನಗರದ ಪರವಾಗಿ ಒಂದು ಲಕ್ಷಕ್ಕೂ ಹೆಚ್ಚು ಜನ ಸ್ವಯಂಸೇವಕರಾಗಿ ಹೆಸರು ನೋಂದಾಯಿಸಿದರು. ಅವರಲ್ಲಿ ಅಂತಿಮವಾಗಿ ಸುಮಾರು 34,500 ಮಂದಿ ಸೇವೆ ಸಲ್ಲಿಸಿದರು. ‘ಒಲಿಂಪಿಕ್ ಸ್ವಯಂಸೇವಕ’ ಎಂಬ ಪದಕ್ಕೆ ಸ್ಪಷ್ಟವಾದ ವ್ಯಾಖ್ಯೆ ದೊರೆತದ್ದು ಬಾರ್ಸಿಲೋನಾದ ಅಧಿಕೃತ ವರದಿಯಲ್ಲಿ.

2000ದ ನಂತರ

2000ದ ಸಿಡ್ನಿ ಕ್ರೀಡಾಕೂಟದ ಸುಮಾರು 47,000 ಸ್ವಯಂಸೇವಕರು ತಮ್ಮ ಸೌಜನ್ಯ ಮತ್ತು ಹಾಸ್ಯಪ್ರವೃತ್ತಿಯಿಂದ ಜಗತ್ತಿನ ಮೆಚ್ಚುಗೆ ಗಳಿಸಿದರು. ಅಂದಿನ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಹುವಾನ್ ಆಂಟೋನಿಯೊ ಸಮರಾಂಚ್ ಸಮಾರೋಪ ಭಾಷಣದಲ್ಲಿ ಅವರನ್ನು ಮುಕ್ತಕಂಠದಿಂದ ಹೊಗಳಿದರು. ಕ್ರೀಡಾಕೂಟ ಮುಗಿದ ಮೇಲೆ ಸ್ವಯಂಸೇವಕರಿಗಾಗಿಯೇ ನಗರದ ಬೀದಿಗಳಲ್ಲಿ ಮೆರವಣಿಗೆ ನಡೆಯಿತು. ಸಿಡ್ನಿಯ ಒಲಿಂಪಿಕ್ ಉದ್ಯಾನದಲ್ಲಿ ನೆಟ್ಟ ಕಂಬಗಳ ಮೇಲೆ ಅವರ ಹೆಸರುಗಳನ್ನು ಕೆತ್ತಿಸಲಾಗಿದೆ. ವಿಜೇತರ ಹೆಸರನ್ನು ಕೆತ್ತಿಸುವುದು ಎಲ್ಲೆಡೆ ಇರುವ ರೂಢಿ. ದಾರಿ ತೋರಿಸಿದವರ ಹೆಸರನ್ನೂ ಉಳಿಸಿದ್ದು ಈ ಸ್ಮಾರಕದ ವಿಶೇಷ.

2008ರ ಬೀಜಿಂಗ್ ಕ್ರೀಡಾಕೂಟಕ್ಕೆ 11 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಒಲಿಂಪಿಕ್ಸ್ ಮತ್ತು ಪ್ಯಾರಾಲಿಂಪಿಕ್ಸ್ ಎರಡಕ್ಕೂ ಸೇರಿ ಸುಮಾರು ಒಂದು ಲಕ್ಷ ಮಂದಿಯನ್ನು ಆರಿಸಲಾಯಿತು. ಇದಲ್ಲದೆ ನಗರದ ಬೀದಿಗಳಲ್ಲಿ ಸುಮಾರು ನಾಲ್ಕು ಲಕ್ಷ ನಗರ ಸ್ವಯಂಸೇವಕರಿದ್ದರು. ಅನಂತರದ ಕ್ರೀಡಾಕೂಟಗಳಲ್ಲಿಯೂ ಬೇಡಿಕೆ ಕುಗ್ಗಿಲ್ಲ.

ಕೆಲವು ಬೇಸಿಗೆ ಕ್ರೀಡಾಕೂಟಗಳ ಅಂದಾಜು ಅಂಕಿಗಳು:

- 1984 ಲಾಸ್ ಏಂಜಲೀಸ್: 29,000 ಸ್ವಯಂಸೇವಕರು
- 1988 ಸೋಲ್: 27,000
- 1992 ಬಾರ್ಸಿಲೋನಾ: 34,500
- 2000 ಸಿಡ್ನಿ: 47,000
- 2008 ಬೀಜಿಂಗ್: 1,00,000 (ಪ್ಯಾರಾಲಿಂಪಿಕ್ಸ್ ಸೇರಿ), ಅರ್ಜಿಗಳು 11 ಲಕ್ಷಕ್ಕೂ ಹೆಚ್ಚು
- 2012 ಲಂಡನ್: 70,000, ಅರ್ಜಿಗಳು 2,40,000
- 2020 ಟೋಕಿಯೊ: ಯೋಜಿತ ಸಂಖ್ಯೆ 80,000, ಅರ್ಜಿಗಳು 2 ಲಕ್ಷಕ್ಕೂ ಹೆಚ್ಚು
- 2024 ಪ್ಯಾರಿಸ್: 45,000, ಅರ್ಜಿಗಳು 3 ಲಕ್ಷಕ್ಕೂ ಹೆಚ್ಚು

ಆಯ್ಕೆ ಮತ್ತು ತರಬೇತಿ

ಅರ್ಜಿ ಆಹ್ವಾನ ಸಾಮಾನ್ಯವಾಗಿ ಕ್ರೀಡಾಕೂಟಕ್ಕೆ ಒಂದೂವರೆ ಅಥವಾ ಎರಡು ವರ್ಷ ಮೊದಲು ಆರಂಭವಾಗುತ್ತದೆ. ಅಭ್ಯರ್ಥಿಗೆ 18 ವರ್ಷ ತುಂಬಿರಬೇಕು, ಕನಿಷ್ಠ ಹತ್ತು ದಿನಗಳಾದರೂ ಕೆಲಸಕ್ಕೆ ದೊರೆಯಬೇಕು ಎಂಬುದು ಇತ್ತೀಚಿನ ಕ್ರೀಡಾಕೂಟಗಳ ಸಾಮಾನ್ಯ ನಿಯಮ. ಭಾಷಾಜ್ಞಾನ, ವಾಹನ ಚಾಲನೆಯ ಪರವಾನಗಿ, ವೈದ್ಯಕೀಯ ಅರ್ಹತೆ, ಒಂದು ನಿರ್ದಿಷ್ಟ ಕ್ರೀಡೆಯ ಅನುಭವ ಮುಂತಾದವನ್ನು ನೋಡಿ ಕೆಲಸ ಹಂಚಲಾಗುತ್ತದೆ. ಆಯ್ಕೆಯಾದವರ ಹಿನ್ನೆಲೆಯನ್ನು ಭದ್ರತಾ ದೃಷ್ಟಿಯಿಂದ ಪರಿಶೀಲಿಸಿದ ಬಳಿಕವೇ ಪ್ರವೇಶಪತ್ರ ನೀಡುತ್ತಾರೆ. ಕೊರಳಲ್ಲಿ ತೂಗುವ ಈ ಪತ್ರದಲ್ಲಿರುವ ಸಂಕೇತಗಳು ಧರಿಸಿದವರು ಯಾವ ಕ್ರೀಡಾಂಗಣದ ಯಾವ ವಲಯದವರೆಗೆ ಹೋಗಬಹುದು ಎಂಬುದನ್ನು ಸೂಚಿಸುತ್ತವೆ.

ತರಬೇತಿ ಮೂರು ಹಂತಗಳಲ್ಲಿ ನಡೆಯುತ್ತದೆ:

1. ಸಾಮಾನ್ಯ ತರಬೇತಿ: ಒಲಿಂಪಿಕ್ ಚಳವಳಿಯ ಪರಿಚಯ, ಅತಿಥಿಗಳೊಡನೆ ನಡೆದುಕೊಳ್ಳುವ ರೀತಿ, ಅಂಗವಿಕಲರಿಗೆ ನೆರವಾಗುವ ಬಗೆ, ತುರ್ತುಸ್ಥಿತಿಯ ನಿಯಮಗಳು. ಲಂಡನ್ ಕ್ರೀಡಾಕೂಟದ ಸಾಮಾನ್ಯ ತರಬೇತಿ 2012ರ ಆರಂಭದಲ್ಲಿ ವೆಂಬ್ಲಿ ಅರೀನಾದಲ್ಲಿ ಆರಂಭವಾಯಿತು.
2. ಕೆಲಸದ ತರಬೇತಿ: ತಮಗೆ ವಹಿಸಿದ ಕೆಲಸದ ವಿವರ, ಸಲಕರಣೆಗಳ ಬಳಕೆ, ವರದಿ ಮಾಡುವ ಕ್ರಮ.
3. ಸ್ಥಳ ತರಬೇತಿ: ಕೆಲಸ ಮಾಡಬೇಕಾದ ಕ್ರೀಡಾಂಗಣದ ಬಾಗಿಲು, ಮೆಟ್ಟಿಲು, ನಿರ್ಗಮನ ದಾರಿಗಳ ಪ್ರತ್ಯಕ್ಷ ಪರಿಚಯ.

ಇದಲ್ಲದೆ ಕ್ರೀಡಾಕೂಟಕ್ಕೆ ಮೊದಲು ಅದೇ ಅಂಗಣಗಳಲ್ಲಿ ಪೂರ್ವಭಾವಿ ಪಂದ್ಯಾವಳಿಗಳನ್ನು ಏರ್ಪಡಿಸಿ ಇಡೀ ವ್ಯವಸ್ಥೆಯನ್ನು ಪರೀಕ್ಷಿಸಲಾಗುತ್ತದೆ.

ಸ್ವಯಂಸೇವಕರಿಗೆ ಸಮವಸ್ತ್ರ, ಕೆಲಸದ ವೇಳೆಯ ಊಟ ಮತ್ತು ನಗರದೊಳಗಿನ ಸಾರಿಗೆಯ ಅನುಕೂಲವನ್ನು ಕೊಡುವುದು ರೂಢಿ. ಟೋಕಿಯೊದಲ್ಲಿ ಪ್ರಯಾಣದ ಬಾಬ್ತು ದಿನಕ್ಕೆ 1,000 ಯೆನ್ ನೀಡಲು ತೀರ್ಮಾನಿಸಲಾಗಿತ್ತು. ವಸತಿಯನ್ನು ಮತ್ತು ಆತಿಥೇಯ ನಗರಕ್ಕೆ ಬಂದುಹೋಗುವ ವೆಚ್ಚವನ್ನು ಸಾಮಾನ್ಯವಾಗಿ ಸ್ವಯಂಸೇವಕರೇ ನೋಡಿಕೊಳ್ಳಬೇಕು.

ಕಾರ್ಯಗಳು

ಕ್ರೀಡಾಗ್ರಾಮ ಮತ್ತು ತಂಡಗಳ ನೆರವು

ಪ್ರತಿಯೊಂದು ದೇಶದ ತಂಡಕ್ಕೂ ಆ ದೇಶದ ಭಾಷೆ ಬಲ್ಲ ಸಹಾಯಕರನ್ನು ನೇಮಿಸಲು ಸಂಘಟಕರು ಯತ್ನಿಸುತ್ತಾರೆ. ತಂಡದ ಅಧಿಕಾರಿಗಳನ್ನು ಸಭೆಗೆ ಕರೆದೊಯ್ಯುವುದು, ಕಾಣೆಯಾದ ಸಾಮಾನು ಹುಡುಕಿಸುವುದು, ಆಸ್ಪತ್ರೆಯಲ್ಲಿ ವೈದ್ಯರಿಗೂ ಆಟಗಾರನಿಗೂ ನಡುವೆ ಮಾತು ತಿಳಿಸುವುದು ಇವರ ಕೆಲಸ.

ಸಾರಿಗೆ

ಆಟಗಾರರು, ತೀರ್ಪುಗಾರರು, ಪತ್ರಕರ್ತರು ಮತ್ತು ಗಣ್ಯರಿಗೆ ಬೇರೆ ಬೇರೆ ಸಾರಿಗೆ ಜಾಲಗಳಿರುತ್ತವೆ. ದೊಡ್ಡ ಬಸ್ಸುಗಳನ್ನು ವೃತ್ತಿನಿರತ ಚಾಲಕರು ನಡೆಸಿದರೆ, ಕಾರುಗಳನ್ನು ಹೆಚ್ಚಾಗಿ ಸ್ವಯಂಸೇವಕರೇ ನಡೆಸುತ್ತಾರೆ. 1996ರ ಅಟ್ಲಾಂಟಾ ಕ್ರೀಡಾಕೂಟದಲ್ಲಿ ಹೊರ ಊರುಗಳಿಂದ ಕರೆತಂದ ಬಸ್ಸು ಚಾಲಕರಿಗೆ ದಾರಿಯೇ ತಿಳಿಯದೆ ಹಲವರು ಪರದಾಡಿದ ಪ್ರಸಂಗಗಳು ನಡೆದವು. ಸ್ಥಳೀಯ ಜ್ಞಾನದ ಬೆಲೆಯನ್ನು ಇದು ತೋರಿಸಿಕೊಟ್ಟಿತು.

ಸ್ಪರ್ಧಾಂಗಣ

ಅಥ್ಲೆಟಿಕ್ಸ್‌ನಲ್ಲಿ ಹರ್ಡಲ್‌ಗಳನ್ನು ಅಳತೆಗೆ ಸರಿಯಾಗಿ ಇಡುವುದು, ಎಸೆದ ಈಟಿ ಮತ್ತು ಚಕ್ರಗಳನ್ನು ಮರಳಿ ತರುವುದು, ಉದ್ದಜಿಗಿತದ ಮರಳನ್ನು ಸಮ ಮಾಡುವುದು, ಓಟಕ್ಕೆ ಮುನ್ನ ಆಟಗಾರರು ಕಳಚಿದ ಬಟ್ಟೆಗಳನ್ನು ಬುಟ್ಟಿಯಲ್ಲಿ ಒಯ್ಯುವುದು ಇವೆಲ್ಲ ನಿಮಿಷಗಳ ಲೆಕ್ಕದಲ್ಲಿ ನಡೆಯಬೇಕಾದ ಕೆಲಸಗಳು. ಮ್ಯಾರಥಾನ್ ದಾರಿಯುದ್ದಕ್ಕೂ ನೀರಿನ ಮೇಜುಗಳ ಹಿಂದೆ ನಿಲ್ಲುವವರೂ ಈ ಗುಂಪಿಗೇ ಸೇರುತ್ತಾರೆ.

ಉದ್ದೀಪನ ಮದ್ದು ಪರೀಕ್ಷೆ

ಪರೀಕ್ಷೆಗೆ ಆಯ್ಕೆಯಾದ ಆಟಗಾರನಿಗೆ ವಿಷಯ ತಿಳಿಸಿದ ಕ್ಷಣದಿಂದ, ಆತ ಪರೀಕ್ಷಾ ಕೇಂದ್ರಕ್ಕೆ ತಲುಪುವವರೆಗೂ ಒಬ್ಬ ಜೊತೆಗಾರ ಆತನನ್ನು ಕಣ್ಣಿನಿಂದ ಮರೆಯಾಗಲು ಬಿಡಬಾರದು. ಈ ಜೊತೆಗಾರರಲ್ಲಿ ಅನೇಕರು ತರಬೇತಿ ಪಡೆದ ಸ್ವಯಂಸೇವಕರು. ಪದಕ ಗೆದ್ದ ಸಂಭ್ರಮದಲ್ಲಿರುವ, ಅಥವಾ ಸೋತು ಕುಸಿದಿರುವ ಆಟಗಾರನ ಪಕ್ಕದಲ್ಲಿ ಮೌನವಾಗಿ ನಡೆಯಬೇಕಾದ ಈ ಕೆಲಸಕ್ಕೆ ಎಚ್ಚರವೂ ಸೂಕ್ಷ್ಮತೆಯೂ ಸಮನಾಗಿ ಬೇಕು.

ಮಾಧ್ಯಮ ಮತ್ತು ಸಮಾರಂಭ

ಸ್ಪರ್ಧೆ ಮುಗಿಸಿದ ಆಟಗಾರರು ಪತ್ರಕರ್ತರನ್ನು ಎದುರುಗೊಳ್ಳುವ ಜಾಗದಲ್ಲಿ ಅವರ ಮಾತುಗಳನ್ನು ಬರೆದುಕೊಂಡು ಕೂಡಲೇ ಸುದ್ದಿಕೇಂದ್ರಕ್ಕೆ ತಲುಪಿಸುವ ತಂಡವಿರುತ್ತದೆ. ಪದಕಗಳ ತಟ್ಟೆ ಹಿಡಿಯುವವರು, ಧ್ವಜಗಳನ್ನು ಜೋಡಿಸುವವರು ಸಮಾರಂಭದ ವಿಭಾಗಕ್ಕೆ ಸೇರಿದವರು. ಟೋಕಿಯೊದಲ್ಲಿ ಸೋಂಕಿನ ಭೀತಿಯಿಂದ ಗಣ್ಯರು ಪದಕ ತೊಡಿಸುವ ಪದ್ಧತಿಯನ್ನು ಕೈಬಿಟ್ಟು, ತಟ್ಟೆಯಲ್ಲಿ ತಂದ ಪದಕವನ್ನು ಆಟಗಾರರೇ ಎತ್ತಿ ಕೊರಳಿಗೆ ಹಾಕಿಕೊಂಡರು.

ತೆರೆಮರೆಯ ಲೋಪಗಳು

ತೆರೆಯ ಹಿಂದಿನ ಕೆಲಸ ಸರಿಯಾಗಿ ನಡೆದಾಗ ಅದು ಯಾರ ಗಮನಕ್ಕೂ ಬರುವುದಿಲ್ಲ. ತಪ್ಪಿದಾಗ ಮಾತ್ರ ಸುದ್ದಿಯಾಗುತ್ತದೆ. ಇಂತಹ ಲೋಪಗಳಲ್ಲಿ ಹಲವು ಸ್ವಯಂಸೇವಕರಿಂದಲ್ಲ, ಸಂಘಟಕರಿಂದ ಅಥವಾ ಗುತ್ತಿಗೆದಾರರಿಂದ ಆದವು.

- 2012ರ ಜುಲೈ 25ರಂದು ಗ್ಲಾಸ್ಗೊದ ಹ್ಯಾಂಪ್ಡನ್ ಪಾರ್ಕ್‌ನಲ್ಲಿ ಉತ್ತರ ಕೊರಿಯಾ ಮತ್ತು ಕೊಲಂಬಿಯಾ ನಡುವಿನ ಮಹಿಳಾ ಫುಟ್‌ಬಾಲ್ ಪಂದ್ಯಕ್ಕೆ ಮುನ್ನ ಪರದೆಯ ಮೇಲೆ ದಕ್ಷಿಣ ಕೊರಿಯಾದ ಧ್ವಜ ಮೂಡಿತು. ಉತ್ತರ ಕೊರಿಯಾದ ಆಟಗಾರ್ತಿಯರು ಅಂಗಣದಿಂದ ಹೊರನಡೆದರು. ಪಂದ್ಯ ಸುಮಾರು ಒಂದು ಗಂಟೆ ತಡವಾಯಿತು.
- ಅದೇ ಕ್ರೀಡಾಕೂಟದಲ್ಲಿ ಭದ್ರತೆಯ ಗುತ್ತಿಗೆ ಪಡೆದ ಖಾಸಗಿ ಸಂಸ್ಥೆ ಒಪ್ಪಿಕೊಂಡಷ್ಟು ಕಾವಲುಗಾರರನ್ನು ಒದಗಿಸಲಾಗಲಿಲ್ಲ. ಉದ್ಘಾಟನೆಗೆ ಕೆಲವೇ ವಾರಗಳಿರುವಾಗ ಸರ್ಕಾರ 3,500 ಹೆಚ್ಚುವರಿ ಸೈನಿಕರನ್ನು ಕರೆಸಬೇಕಾಯಿತು.
- 2016ರ ರಿಯೊ ಕ್ರೀಡಾಕೂಟದಲ್ಲಿ ಡೈವಿಂಗ್ ಕೊಳದ ನೀರು ರಾತ್ರೋರಾತ್ರಿ ಹಸಿರಾಯಿತು. ನಿರ್ವಹಣೆಯವರು ಹೈಡ್ರೋಜನ್ ಪೆರಾಕ್ಸೈಡ್ ಸುರಿದದ್ದರಿಂದ ಕ್ಲೋರಿನ್ನಿನ ಶಕ್ತಿ ಕುಂದಿ ಹೀಗಾಯಿತೆಂದು ಅನಂತರ ತಿಳಿದುಬಂತು.
- 2018ರ ಪ್ಯೊಂಗ್‌ಚಾಂಗ್ ಚಳಿಗಾಲದ ಕ್ರೀಡಾಕೂಟದಲ್ಲಿ ಭದ್ರತಾ ಸಿಬ್ಬಂದಿಗೆ ನೊರೊವೈರಸ್ ತಗುಲಿತು. ಸುಮಾರು 1,200 ಕಾವಲುಗಾರರನ್ನು ಕೆಲಸದಿಂದ ದೂರವಿರಿಸಿ ಅವರ ಸ್ಥಾನಕ್ಕೆ 900 ಸೈನಿಕರನ್ನು ಕರೆಸಲಾಯಿತು.

ಟೋಕಿಯೊ: ಪರೀಕ್ಷೆಯ ಕಾಲ

ಸ್ವಯಂಸೇವಕ ವ್ಯವಸ್ಥೆ ಎದುರಿಸಿದ ಅತ್ಯಂತ ಕಠಿಣ ಪರೀಕ್ಷೆ ಟೋಕಿಯೊ ಕ್ರೀಡಾಕೂಟದ್ದು. ಕೋವಿಡ್-19ರ ಕಾರಣ ಒಂದು ವರ್ಷ ಮುಂದೂಡಲ್ಪಟ್ಟ ಈ ಕ್ರೀಡಾಕೂಟ 2021ರ ಜುಲೈ 23ರಿಂದ ಆಗಸ್ಟ್ 8ರವರೆಗೆ ನಡೆಯಿತು. 2021ರ ಫೆಬ್ರವರಿಯಲ್ಲಿ ಸಂಘಟನಾ ಸಮಿತಿಯ ಅಧ್ಯಕ್ಷ ಯೊಶಿರೊ ಮೊರಿ ಮಹಿಳೆಯರ ಬಗ್ಗೆ ಆಡಿದ ಮಾತು ತೀವ್ರ ಟೀಕೆಗೆ ಗುರಿಯಾಗಿ, ನೂರಾರು ಸ್ವಯಂಸೇವಕರು ಪ್ರತಿಭಟನಾರ್ಥವಾಗಿ ಹಿಂದೆ ಸರಿದರು; ಮೊರಿ ಅವರೂ ರಾಜೀನಾಮೆ ನೀಡಿದರು. ಸೋಂಕು ಏರುತ್ತಿದ್ದಾಗ ಸ್ವಯಂಸೇವಕರ ರಕ್ಷಣೆಗೆಂದು ಆರಂಭದಲ್ಲಿ ಪ್ರಕಟಿಸಿದ ವ್ಯವಸ್ಥೆ ಎರಡು ಬಟ್ಟೆಯ ಮುಖಗವಸು ಮತ್ತು ಕೈಶುದ್ಧಿ ದ್ರವಕ್ಕೆ ಸೀಮಿತವಾಗಿದ್ದುದು ಅಸಮಾಧಾನ ಹುಟ್ಟಿಸಿತು. 2021ರ ಜೂನ್ ವೇಳೆಗೆ 80,000 ಮಂದಿಯಲ್ಲಿ ಸುಮಾರು 10,000 ಮಂದಿ ಬಿಟ್ಟುಹೋಗಿದ್ದರು. ಬಹುತೇಕ ಅಂಗಣಗಳಿಗೆ ಪ್ರೇಕ್ಷಕರ ಪ್ರವೇಶವನ್ನೇ ನಿಷೇಧಿಸಿದ್ದರಿಂದ, ಉಳಿದವರಲ್ಲಿ ಅನೇಕರಿಗೆ ವಹಿಸಿದ್ದ ಕೆಲಸವೇ ಇಲ್ಲವಾಯಿತು.

ಇಂತಹ ವಾತಾವರಣದಲ್ಲಿಯೇ ಸ್ವಯಂಸೇವೆಯ ಅರ್ಥವನ್ನು ನೆನಪಿಸಿದ ಘಟನೆಯೊಂದು ನಡೆಯಿತು. 110 ಮೀಟರ್ ಹರ್ಡಲ್ಸ್‌ನ ಉಪಾಂತ್ಯ ಸ್ಪರ್ಧೆಗೆ ಹೊರಟ ಜಮೈಕಾದ ಹ್ಯಾನ್ಸಲ್ ಪಾರ್ಚ್‌ಮೆಂಟ್ ತಪ್ಪು ಬಸ್ಸು ಹತ್ತಿ ಈಜು ಸ್ಪರ್ಧೆಯ ಅಂಗಣಕ್ಕೆ ಹೋಗಿಬಿಟ್ಟರು. ಮತ್ತೊಂದು ಬಸ್ಸು ಹಿಡಿದರೆ ಸಮಯಕ್ಕೆ ತಲುಪುವಂತಿರಲಿಲ್ಲ. ಕ್ರೀಡಾಕೂಟದ ಅಧಿಕೃತ ಕಾರಿಗೆ ಮುಂಚಿತವಾಗಿ ಕಾಯ್ದಿರಿಸಬೇಕಾಗಿತ್ತು. ಅಲ್ಲಿದ್ದ ಸ್ವಯಂಸೇವಕಿಯೊಬ್ಬರು ತಮ್ಮ ಹಣ ಕೊಟ್ಟು ಅವರನ್ನು ಟ್ಯಾಕ್ಸಿಯಲ್ಲಿ ಕಳುಹಿಸಿದರು. ಪಾರ್ಚ್‌ಮೆಂಟ್ ವೇಳೆಗೆ ಸರಿಯಾಗಿ ತಲುಪಿ, ಆಗಸ್ಟ್ 5ರ ಅಂತಿಮ ಸ್ಪರ್ಧೆಯಲ್ಲಿ 13.04 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದರು. ಬಳಿಕ ಅವರು ಆಕೆಯನ್ನು ಹುಡುಕಿಕೊಂಡು ಹೋಗಿ, ಪದಕವನ್ನು ತೋರಿಸಿ, ಹಣವನ್ನು ಹಿಂದಿರುಗಿಸಿದರು. ನಿಯಮಪುಸ್ತಕದಲ್ಲಿ ಇಂತಹ ಸಂದರ್ಭಕ್ಕೆ ಉತ್ತರವಿರಲಿಲ್ಲ. ಉತ್ತರ ಕೊಟ್ಟದ್ದು ಒಬ್ಬ ವ್ಯಕ್ತಿಯ ವಿವೇಚನೆ.

ಟೀಕೆ ಮತ್ತು ಚರ್ಚೆ

ಸ್ವಯಂಸೇವೆಯ ವಿರುದ್ಧದ ಮುಖ್ಯ ಆಕ್ಷೇಪ ಆರ್ಥಿಕ ಸ್ವರೂಪದ್ದು. ಪ್ರಸಾರದ ಹಕ್ಕು ಮತ್ತು ಪ್ರಾಯೋಜಕತ್ವದಿಂದ ಕೋಟ್ಯಂತರ ಡಾಲರ್ ಆದಾಯವಿರುವಾಗ, ವೇತನ ಕೊಡಬೇಕಾದ ಕೆಲಸವನ್ನು ‘ಸೇವೆ’ ಎಂಬ ಹೆಸರಿನಲ್ಲಿ ಬಿಟ್ಟಿಯಾಗಿ ಮಾಡಿಸಿಕೊಳ್ಳಲಾಗುತ್ತಿದೆ ಎಂಬುದು ವಿಮರ್ಶಕರ ವಾದ. ನಿಗದಿತ ಪಾಳಿ, ಮೇಲ್ವಿಚಾರಕರು, ಸಮವಸ್ತ್ರ, ಹಾಜರಾತಿ ಎಲ್ಲವೂ ಇರುವ ಕೆಲಸ ಉದ್ಯೋಗಕ್ಕಿಂತ ಹೇಗೆ ಭಿನ್ನ ಎಂದು ಅವರು ಕೇಳುತ್ತಾರೆ. 2024ರ ಪ್ಯಾರಿಸ್ ಕ್ರೀಡಾಕೂಟಕ್ಕೆ ಮುನ್ನ ಫ್ರಾನ್ಸಿನಲ್ಲಿ ಈ ಪ್ರಶ್ನೆ ಬಲವಾಗಿ ಕೇಳಿಬಂತು. ವಸತಿಯ ವೆಚ್ಚ ಭರಿಸಲಾಗದವರು ಆಯ್ಕೆಯಾದರೂ ಹೋಗಲಾರರು. ಹೀಗಾಗಿ ಅವಕಾಶ ಉಳ್ಳವರಿಗಷ್ಟೇ ದೊರೆಯುತ್ತದೆ ಎಂಬುದು ಇನ್ನೊಂದು ಆಕ್ಷೇಪ.

ಸಮರ್ಥಕರ ವಾದ ಬೇರೆ. ಅರ್ಜಿಗಳ ಸಂಖ್ಯೆ ಸ್ಥಾನಗಳ ಹಲವು ಪಟ್ಟು ಇರುವುದೇ ಜನರ ಸ್ವಇಚ್ಛೆಗೆ ಸಾಕ್ಷಿ ಎಂದು ಅವರು ಹೇಳುತ್ತಾರೆ. ನಿವೃತ್ತರಿಗೆ ಸಾರ್ಥಕ ದುಡಿಮೆ, ವಿದ್ಯಾರ್ಥಿಗಳಿಗೆ ಅನುಭವ, ನಗರಕ್ಕೆ ತರಬೇತಿ ಪಡೆದ ನಾಗರಿಕರ ಪಡೆ ದೊರೆಯುತ್ತದೆ ಎಂಬುದೂ ಅವರ ನಿಲುವು. ಆದರೆ ಅರ್ಜಿದಾರರ ಉತ್ಸಾಹವಷ್ಟೇ ಸಂಘಟಕರ ಹೊಣೆಯನ್ನು ಕಳೆಯುವುದಿಲ್ಲ. ರಿಯೊದಲ್ಲಿ ಆಯ್ಕೆಯಾದವರಲ್ಲಿ ಗಣನೀಯ ಸಂಖ್ಯೆಯವರು ಕೆಲಸಕ್ಕೆ ಬರಲಿಲ್ಲ ಅಥವಾ ಮಧ್ಯದಲ್ಲೇ ಬಿಟ್ಟರು. ಪ್ಯೊಂಗ್‌ಚಾಂಗ್‌ನಲ್ಲಿ ಚಳಿ, ವಸತಿ ಮತ್ತು ಬಸ್ಸುಗಳ ಬಗ್ಗೆ ದೂರುಗಳು ಬಂದವು. ವೇತನವಿಲ್ಲದವರನ್ನು ಕೆಲಸದಲ್ಲಿ ಉಳಿಸಿಕೊಳ್ಳುವುದು ಗೌರವ, ಹೊಟ್ಟೆತುಂಬ ಊಟ ಮತ್ತು ಅರ್ಥವುಳ್ಳ ಕೆಲಸ ಮಾತ್ರ ಎಂಬುದನ್ನು ಈ ನಿದರ್ಶನಗಳು ತಿಳಿಸುತ್ತವೆ.

ಭಾರತ ಮತ್ತು ಕರ್ನಾಟಕದ ನಂಟು

ಭಾರತ ಇದುವರೆಗೆ ಒಲಿಂಪಿಕ್ ಕ್ರೀಡಾಕೂಟವನ್ನು ನಡೆಸಿಲ್ಲ. ದೆಹಲಿಯಲ್ಲಿ 1951 ಮತ್ತು 1982ರಲ್ಲಿ ಏಷ್ಯನ್ ಕ್ರೀಡಾಕೂಟ, 2010ರಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆದವು. 2010ರಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಸ್ವಯಂಸೇವಕರಾಗಿ ಆರಿಸಲಾಗಿತ್ತು. ಆದರೆ ಸಾವಿರಾರು ಮಂದಿ ಕ್ರೀಡಾಕೂಟ ಆರಂಭವಾಗುವ ಮೊದಲೇ ಹಿಂದೆ ಸರಿದರು. 2030ರ ಕಾಮನ್‌ವೆಲ್ತ್ ಕ್ರೀಡಾಕೂಟದ ಆತಿಥ್ಯ ಅಹಮದಾಬಾದಿಗೆ ದೊರೆತಿರುವುದರಿಂದ ಆ ಅನುಭವದ ಪಾಠಗಳಿಗೆ ಮತ್ತೆ ಮಹತ್ವ ಬಂದಿದೆ.

2012ರ ಜುಲೈ 27ರಂದು ಲಂಡನ್ ಕ್ರೀಡಾಕೂಟದ ಉದ್ಘಾಟನಾ ಸಮಾರಂಭದಲ್ಲಿ ಧ್ವಜಧಾರಿ ಸುಶೀಲ್ ಕುಮಾರ್ ಅವರ ಪಕ್ಕದಲ್ಲಿ ಭಾರತ ತಂಡದೊಂದಿಗೆ ಅಪರಿಚಿತ ಯುವತಿಯೊಬ್ಬರು ಹೆಜ್ಜೆ ಹಾಕಿದ್ದು ವಿವಾದಕ್ಕೆ ಕಾರಣವಾಯಿತು. ಆಕೆ ಬೆಂಗಳೂರು ಮೂಲದವರು, ಡ್ಯಾನಿ ಬಾಯ್ಲ್ ನಿರ್ದೇಶಿಸಿದ ಸಮಾರಂಭದ ಕಲಾವಿದರ ತಂಡದಲ್ಲಿದ್ದವರು ಎಂಬುದು ಬಳಿಕ ತಿಳಿಯಿತು. ಭಾರತ ತಂಡದ ಅಧಿಕಾರಿಗಳು ಆಕ್ಷೇಪ ಸಲ್ಲಿಸಿದರು. ಸಂಘಟನಾ ಸಮಿತಿಯ ಅಧ್ಯಕ್ಷ ಸೆಬಾಸ್ಟಿಯನ್ ಕೋ, ಆಕೆ ಅತ್ಯುತ್ಸಾಹದಿಂದ ಹೀಗೆ ಮಾಡಿದ್ದಾರೆಂದೂ ಭದ್ರತೆಗೆ ಧಕ್ಕೆಯಾಗಿಲ್ಲವೆಂದೂ ಸ್ಪಷ್ಟಪಡಿಸಿದರು. ತೆರೆಯ ಹಿಂದಿನವರು ತೆರೆಯ ಮುಂದೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಈ ಪ್ರಸಂಗವನ್ನು ಉದಾಹರಿಸುವುದುಂಟು.

ಗೌರವ

ಇತ್ತೀಚಿನ ಒಲಿಂಪಿಕ್ ಕ್ರೀಡಾಕೂಟಗಳ ಸಮಾರೋಪ ಸಮಾರಂಭದಲ್ಲಿ, ಆಟಗಾರರ ಆಯೋಗಕ್ಕೆ ಹೊಸದಾಗಿ ಆಯ್ಕೆಯಾದ ಸದಸ್ಯರು ಸ್ವಯಂಸೇವಕರ ಪ್ರತಿನಿಧಿಗಳಿಗೆ ಪುಷ್ಪಗುಚ್ಛ ಅರ್ಪಿಸುವ ಸಂಪ್ರದಾಯ ಬೆಳೆದಿದೆ. ಆಟಗಾರರ ಪರವಾಗಿ ಸಲ್ಲುವ ಕೃತಜ್ಞತೆ ಇದು. ಪ್ರಮಾಣಪತ್ರ, ಸ್ಮರಣಿಕೆ ಮತ್ತು ತೊಟ್ಟ ಸಮವಸ್ತ್ರವನ್ನು ಸ್ವಯಂಸೇವಕರು ತಮ್ಮೊಡನೆ ಒಯ್ಯುತ್ತಾರೆ. ಒಂದು ಕ್ರೀಡಾಕೂಟದಲ್ಲಿ ದುಡಿದವರು ಮುಂದಿನದಕ್ಕೂ ಅರ್ಜಿ ಹಾಕಿ, ದೇಶದಿಂದ ದೇಶಕ್ಕೆ ಹೋಗಿ ಸೇವೆ ಸಲ್ಲಿಸುವುದೂ ಉಂಟು.

ಇವನ್ನೂ ನೋಡಿ

- ಒಲಿಂಪಿಕ್ ಕ್ರೀಡಾಕೂಟ
- ಪ್ಯಾರಾಲಿಂಪಿಕ್ ಕ್ರೀಡಾಕೂಟ
- ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ
- ಕಾಮನ್‌ವೆಲ್ತ್ ಕ್ರೀಡಾಕೂಟ
- ಏಷ್ಯನ್ ಕ್ರೀಡಾಕೂಟ